ನಡುವಿನ ಗೆಡ್ಡೆ

ಹಾಸನದ ಮಾರ್ಕೆಟ್ ಯಾರ್ಡಿನ ಹಿಂದೆ ನಮ್ಮ ಅಂಗನವಾಡಿ.
ಕಿಟಕಿ ತೆರೆದರೆ ಹಸಿಮಣ್ಣಿನ ವಾಸನೆ,
ಮುಚ್ಚಿದರೂ ಅದೇ.
ಇಲಾಖೆ ಕೊಟ್ಟ ಆಟದ ಗೋಪುರದಲ್ಲಿ
ಐದಿದ್ದವು ಬಳೆ, ಈಗ ಮೂರು.
ಒಂದನ್ನು ನಾಯಿ ಕಚ್ಚಿಕೊಂಡು ಹೋಯಿತು,
ಇನ್ನೊಂದರ ಸುದ್ದಿ ಯಾರಿಗೂ ಗೊತ್ತಿಲ್ಲ.
ಅದಕ್ಕೇ ಜಯಶೀಲಾ ಮಡಿಲಲ್ಲಿ ಕಟ್ಟಿ ತಂದು
ಸುರಿದಳು ಏಳು ಆಲೂಗೆಡ್ಡೆ:
"ಆಡ್ಕೊಳ್ಲಿ ಮಿಸ್ಸು, ಕೊಳೆತ್ರೆ ಎಸೀರಿ."

ಅವಳ ಮಗಳು ಇಂಪನಾ, ಮೂರು ತುಂಬಿ ಏಳು ತಿಂಗಳು,
ಮೊದಲ ವಾರ ಲೋಕವನ್ನು ಎರಡೇ ಪಾಲು ಮಾಡಿದಳು.
ದೊಡ್ಡದು. ಪುಟಾಣಿ.
ಆಮೇಲೆ ಬಂತು ಸಂಸಾರ:
ಇದು ಅಪ್ಪ ಗೆಡ್ಡೆ, ಇದು ಅಮ್ಮ ಗೆಡ್ಡೆ, ಇದು ಪಾಪು.
ಉಳಿದ ನಾಲ್ಕು?
"ಅವು ಪಕ್ಕದ ಮನೇವು."

ಪೊರಕೆಕಡ್ಡಿ ಮುರಿದು ಕೊಟ್ಟೆ ಒಂದು ದಿನ.
ಚೆಂದದ ಮೆಟ್ಟಿಲು ಕಟ್ಟಿದಳು,
ಮೇಲ್ತುದಿಯೆಲ್ಲ ಒಂದಕ್ಕಿಂತ ಒಂದು ಎತ್ತರ.
ಕೆಳತುದಿಯ ಕಡೆ ನೋಡೇ ಇಲ್ಲ.
ಗಿಡ್ಡ ಕಡ್ಡಿಯನ್ನು ಮೇಲಕ್ಕೆ ಜರುಗಿಸಿ
ಉದ್ದ ಮಾಡಿಬಿಟ್ಟಿದ್ದಳು.
ತಪ್ಪು ಅನ್ನಲು ಬಾಯಿ ತೆರೆದವಳು
ಬಾಗಿಲಲ್ಲಿದ್ದ ನನ್ನ ಹೀಲ್ಸ್ ಚಪ್ಪಲಿ ನೋಡಿ
ಸುಮ್ಮನಾದೆ.

ಆಚೆ ರಾಶಿಯ ಮುಂದೆ ಅವಳಮ್ಮ.
ದಪ್ಪದ್ದು ಬಲಕ್ಕೆ, ಮಧ್ಯದ್ದು ಮುಂದಕ್ಕೆ, ಗೋಲಿ ಎಡಕ್ಕೆ.
ಕಿವಿ ಪಕ್ಕದವಳ ಮಾತಿನಲ್ಲಿ,
ಕೈಗೆ ಕೈಯದೇ ಲೆಕ್ಕ.
ಹೇಗೆ ಗೊತ್ತಾಗುತ್ತೆ ಅಂತ ಕೇಳಿದ್ದಕ್ಕೆ
ಅಂಗೈ ನೋಡಿಕೊಂಡಳು, ಅಲ್ಲೇನೋ ಬರೆದಿರುವ ಹಾಗೆ.
"ದಪ್ಪದ್ದು ಸಲೀಸು, ಗೋಲಿನೂ ಸಲೀಸು.
ಮಧ್ಯದ್ದೇ ಕಷ್ಟ ಮಿಸ್ಸು,
ಅದನ್ನ ಬೈಸ್ಕೊಂಡೇ ಕಲೀಬೇಕು."

ತಿಂಗಳ ತೂಕದ ದಿನ.
ಗೋಡೆಗೆ ಅಂಟಿಸಿದ ಟೇಪು, ಎತ್ತರದ ಪ್ರಕಾರ ಸಾಲು.
ಇಂಪನಾ ಹೋಗಿ ತನುಷ್‌ನ ಬೆನ್ನಿಗೆ ಬೆನ್ನು ಕೊಟ್ಟಳು,
ತಲೆ ಮೇಲೆ ಅಂಗೈ ಸವರಿದಳು: "ನಾನು ಪುಟಾಣಿ."
ಅಫ್ರೀನ್‌ಳ ಬೆನ್ನಿಗೆ ಬಂದಳು: "ನಾನು ದೊಡ್ಡೋಳು."
ನಿಂತಳು.
ಹುಬ್ಬು ಗಂಟಾಯಿತು.
ಈಗತಾನೇ ಪುಟಾಣಿಯಾಗಿದ್ದವಳು
ಒಂದು ಕೂದಲೂ ಬೆಳೆಯದೆ ದೊಡ್ಡವಳಾದದ್ದು ಹೇಗೆ?
ಮತ್ತೆ ತನುಷ್. ಮತ್ತೆ ಅಫ್ರೀನ್.
ಮೂರನೇ ಸಲ ಅಳೆಯಲಿಲ್ಲ,
ಇಬ್ಬರನ್ನೂ ಆಚೀಚೆ ದಬ್ಬಿ
ಸಂದಿಗೆ ತೂರಿಕೊಂಡಳು.

ನನ್ನ ಪುಸ್ತಕದಲ್ಲಿ ಬೇರೆ ಸಾಲು:
ಹಸಿರು, ಹಳದಿ, ಕೆಂಪು.
ಅವಳ ಚುಕ್ಕಿ ಬಿದ್ದದ್ದು ಹಳದಿಯಲ್ಲಿ,
ಹಸಿರು ಗೆರೆಗೆ ಒಂದಿಷ್ಟೇ ಇಷ್ಟು ಕೆಳಗೆ.
ಪೆನ್ನು ಸ್ವಲ್ಪ ಮೇಲಕ್ಕೆ ಜರುಗಿಸಬಹುದಿತ್ತು.
ಪೊರಕೆಕಡ್ಡಿ ನೆನಪಾಯಿತು.
ಬಿದ್ದಲ್ಲೇ ಬಿಟ್ಟೆ.

ಮಾರನೇ ದಿನ ಗೆಡ್ಡೆಗಳು ಗೋಡೆಯುದ್ದಕ್ಕೆ ಕೂತವು.
ಒಂದೊಂದನ್ನೂ ಎತ್ತಿ, ಎಡದ್ದನ್ನು ಕೇಳಿ, ಬಲದ್ದನ್ನು ಕೇಳಿ,
ಇಬ್ಬರೂ ಒಪ್ಪಿದ ಮೇಲೆ ಇಡುತ್ತಿದ್ದಳು.
ಒಂದು ಮೊಳಕೆ ಒಡೆದಿತ್ತು.
ಮೊಳಕೆಯನ್ನು ಲೆಕ್ಕಕ್ಕೆ ಹಿಡಿಯಬೇಕೋ ಬೇಡವೋ,
ಅದರಲ್ಲೇ ಊಟದ ಹೊತ್ತಾಯಿತು.

ಹಳದಿಯವರಿಗೆ ಒಂದು ಮೊಟ್ಟೆ ಜಾಸ್ತಿ. ಕೊಟ್ಟೆ.
ಬಾಯಿಗೆ ಹೋಗಲಿಲ್ಲ ಅದು.
ಸಾಲಿನುದ್ದಕ್ಕೂ ಮೊಟ್ಟೆ ಹಿಡಿದು ನಡೆದಳು,
ಮೂರನೆಯದನ್ನು ಆಚೆ ಸರಿಸಿದಳು, ನಾಲ್ಕನೆಯದನ್ನು ಈಚೆ.
"ಇದು ಇಲ್ಲಿ."
ಇಟ್ಟು, ದೂರ ನಿಂತು ನೋಡಿ,
ಎತ್ತಿಕೊಂಡು ತಿಂದಳು.

ಸಂಜೆ ಆಯಾ ದೇವೀರಮ್ಮ
ಪೊರಕೆ ಹಿಡಿದು ಬಂದವಳು
ಗೆಡ್ಡೆಗಳನ್ನು ಬಾಚಿ ಬುಟ್ಟಿಗೆ ಹಾಕಲು ಬಗ್ಗಿದಳು.
"ಇರ್ಲಿ ಬಿಡು," ಎಂದೆ.
ಏಳು ಗೆಡ್ಡೆಯನ್ನೂ ಸುತ್ತಿ ಗುಡಿಸಿದಳು,
ನಡುವೆ ಮೊಟ್ಟೆಯಷ್ಟು ಖಾಲಿ ಇದ್ದ
ಆ ಜಾಗವನ್ನೂ.